ಹೆಂಡತಿಯ ತಲೆಗೆ ಹಿಡಿದ ದಿಕ್ಸೂಚಿ

ತೊಂಬತ್ತರ ದಶಕದಲ್ಲಿ ನಾನು ನಂಜನಗೂಡಿನಲ್ಲಿ ಮೈಸೂರಿನ ಒಂದು ದಿನಪತ್ರಿಕೆಗೆ ತಾಲ್ಲೂಕು ವರದಿಗಾರನಾಗಿದ್ದೆ. ಸುದ್ದಿ ಬರೆದು ಕಂದು ಕವರಿಗೆ ಹಾಕಿ ಸಂಜೆಯ ಬಸ್ಸಿನ ಡ್ರೈವರ್ ಕೈಗೆ ಕೊಟ್ಟರೆ, ಮೈಸೂರಿನ ನಿಲ್ದಾಣದಲ್ಲಿ ಪತ್ರಿಕೆಯ ಕಡೆಯವನೊಬ್ಬ ಅದನ್ನು ಇಸಿದುಕೊಳ್ಳುತ್ತಿದ್ದ. ಕವರಿನ ಮೇಲೆ ‘ತುರ್ತು’ ಎಂದು ದಪ್ಪಕ್ಷರದಲ್ಲಿ ಬರೆಯುತ್ತಿದ್ದೆ. ಒಳಗೆ ಇರುತ್ತಿದ್ದದ್ದು ಹೆಚ್ಚಾಗಿ ನಾಲೆಗೆ ನೀರು ಬಿಡದಿರುವುದು, ಹದಿನಾರು ಗ್ರಾಮದ ಶಾಲೆಯ ಸೋರುವ ಮಾಡು, ಇಂಥವೇ. ಡೆಸ್ಕಿನ ಹಿರಿಯರು ನನಗೆ ಕಲಿಸಿದ ನಿಯಮ ಒಂದೇ: ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳದೆ ಕವರಿಗೆ ಹಾಕಬೇಡ.

ಆ ಕಾಲದಲ್ಲಿ ನನಗೆ ಸ್ವಲ್ಪ ಹೆಸರು ತಂದ ವರದಿ ಅಯಸ್ಕಾಂತದ್ದು. ಕವಲಂದೆಯಲ್ಲಿ ಒಬ್ಬ ಮೇಜು ಹಾಕಿಕೊಂಡು ‘ಅಯಸ್ಕಾಂತದ ಬಳೆ’ ಮಾರುತ್ತಿದ್ದ. ಮಂಡಿನೋವು, ಬಿ.ಪಿ., ಸಕ್ಕರೆ ಕಾಯಿಲೆ ಎಲ್ಲಕ್ಕೂ ಅದೇ ಬಳೆ. ನಾನು ಜನರ ಮುಂದೆಯೇ ಅಂಗಿಯ ಪಿನ್ನನ್ನು ಬಿಚ್ಚಿ ಒಂದೊಂದೇ ಬಳೆಗೆ ತಾಗಿಸಿದೆ. ಒಂದಕ್ಕೂ ಅಂಟಲಿಲ್ಲ. ಪಕ್ಕದಲ್ಲಿದ್ದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರನ್ನೂ ಕರೆದು ಮಾಡಿಸಿದೆ. ಮಾರನೆಯ ದಿನ ಅದು ಜಿಲ್ಲಾ ಪುಟದ ಮೇಲ್ಭಾಗದಲ್ಲಿ ಬಂತು. ಅಂದಿನಿಂದ ಊರಿನಲ್ಲಿ ಕೆಲವರು ನನ್ನನ್ನು ‘ಪಿನ್ ಸಾರು’ ಎಂದು ಕರೆದರು. ನನಗದರಿಂದ ಬೇಸರವಾಗಲಿಲ್ಲ. ಯಾವುದು ನಿಜ, ಯಾವುದು ಪೊಳ್ಳು ಎಂದು ನನಗೆ ಕಾಣುತ್ತದೆ ಎಂಬ ನಂಬಿಕೆ ಬೆಳೆಯಲು ಅದು ಕಾರಣವಾಯಿತು. ಮುಂದೆ ನಡೆದದ್ದಕ್ಕೆ ಆ ನಂಬಿಕೆಯ ಪಾಲೂ ಇದೆ ಎಂದು ಇದನ್ನು ಮೊದಲೇ ದಾಖಲಿಸುತ್ತಿದ್ದೇನೆ.

ನನ್ನ ಹೆಂಡತಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದಳು. ತವರು ತಿರುಮಕೂಡಲು ನರಸೀಪುರ. ನಾವು ಬಾಯಲ್ಲಿ ಅನ್ನುವುದು ಟಿ. ನರಸೀಪುರ. ಹೊಸ ಶತಮಾನ ಶುರುವಾದ ಒಂದೆರಡು ವರ್ಷಕ್ಕೆ ಅವಳು ಮಾತು ಕಡಿಮೆ ಮಾಡಿದಳು. ಶಾಲೆಯಿಂದ ಬಂದು ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರೆ ದೀಪ ಹಚ್ಚುವ ಹೊತ್ತಾದರೂ ಅದನ್ನು ಕೆಳಗಿಡುತ್ತಿರಲಿಲ್ಲ. ಏನಾಯಿತು, ಎಲ್ಲಿ, ಯಾವಾಗ, ಯಾರು, ಯಾಕೆ ಎಂದು ನಾನು ಕೇಳಿದೆ. ನನ್ನ ಕೆಲಸವೇ ಅದು. ಉತ್ತರವಿರಲಿಲ್ಲ. ಮನೆಯಲ್ಲಿ ಸಾವಾಗಿರಲಿಲ್ಲ, ಜಗಳವಾಗಿರಲಿಲ್ಲ. ಕಾರಣವಿಲ್ಲದ ಸುದ್ದಿಯನ್ನು ನಾನು ಅದುವರೆಗೆ ಬರೆದಿರಲಿಲ್ಲ. ಮೈಸೂರಿನ ಮನೋವೈದ್ಯರು ಖಿನ್ನತೆ ಎಂದರು, ಮಾತ್ರೆ ಕೊಟ್ಟರು. ಮಾತ್ರೆಯಿಂದ ನಿದ್ದೆ ಬಂತು, ಅಳು ನಿಂತಿತು. ಮಾತು ಬರಲಿಲ್ಲ. ಅವಳು ರಜೆ ಹಾಕಿದಳು, ರಜೆಯ ಮೇಲೆ ರಜೆ ಹಾಕಿದಳು.

ಅತ್ತೆ ಮಗಳನ್ನು ಮಠಕ್ಕೆ ಕರೆದುಕೊಂಡು ಹೋಗಿ ಬಂದರು. ಸ್ವಾಮಿಗಳು ತಲೆಯ ಮೇಲೆ ಕೈಯಿಟ್ಟು ವಿಭೂತಿ ಕೊಟ್ಟು, ಔಷಧಿ ಬಿಡಿಸಬೇಡಿ ಎಂದರಂತೆ. ಹಾಗಿರುವಾಗಲೇ ಅದೇ ಮನೋವೈದ್ಯರು ಒಂದು ಅಧ್ಯಯನದ ವಿಷಯ ಹೇಳಿದರು. ಮಾತ್ರೆಯಿಂದ ಪೂರ್ತಿ ಗುಣ ಕಾಣದವರಿಗೆ ತಲೆಯ ಹತ್ತಿರ ಬಹಳ ಕಡಿಮೆ ಶಕ್ತಿಯ ಕಾಂತಕ್ಷೇತ್ರ ಕೊಟ್ಟು ನೋಡುತ್ತಾರೆ. ಮೈಸೂರಿನ ತಂಡವೊಂದು ವಾರಕ್ಕೆ ಮೂರು ದಿನ ಟಿ. ನರಸೀಪುರದ ಒಂದು ಧರ್ಮಾರ್ಥ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಅದನ್ನು ನಡೆಸುತ್ತಿತ್ತು. ತವರುಮನೆಯಿಂದ ನಡೆದುಹೋಗುವಷ್ಟು ದೂರ. ಅವಳು ಆರು ವಾರ ತವರಿನಲ್ಲಿರುವುದು, ಆ ದಿನಗಳಲ್ಲಿ ನಾನು ಬಸ್ಸಿನಲ್ಲಿ ಹೋಗಿಬರುವುದು ಎಂದು ಗೊತ್ತಾಯಿತು.

ಮೊದಲ ದಿನ ಒಪ್ಪಿಗೆ ಪತ್ರ ಕೊಟ್ಟರು. ಅವಳು ಓದದೆ ಸಹಿ ಹಾಕಿದಳು. ನಾನು ಪ್ರತಿ ಸಾಲೂ ಓದಿದೆ. ಕೆಲವರಿಗೆ ನಿಜವಾದ ಚಿಕಿತ್ಸೆ, ಕೆಲವರಿಗೆ ಹುಸಿ ಚಿಕಿತ್ಸೆ ಸಿಗುತ್ತದೆ. ಹುಸಿಯಾದರೂ ಯಂತ್ರದ ಪೆಟ್ಟಿಗೆಯ ದೀಪ ಉರಿಯುತ್ತದೆ, ಸದ್ದು ಬರುತ್ತದೆ. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ಅಲ್ಲಿರುವ ಡಾಕ್ಟರಿಗೂ ಗೊತ್ತಿಲ್ಲ. ಅಧ್ಯಯನ ಮುಗಿಯುವ ತನಕ ತಿಳಿದುಕೊಳ್ಳಲು ಪ್ರಯತ್ನಿಸಬಾರದು. ಕೆಳಗೆ ಸಾಕ್ಷಿಯ ಜಾಗದಲ್ಲಿ ನಾನು ಸಹಿ ಹಾಕಿದೆ.

ಅಲ್ಲಿ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರಿಗೆ ಮೂವತ್ತು ದಾಟಿರಲಿಲ್ಲ. ತೆಳ್ಳಗಿದ್ದರು, ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಅವಳನ್ನು ಮೊದಲ ದಿನದಿಂದಲೇ ‘ಟೀಚರ್’ ಎಂದು ಕರೆದರು.

“ತಲೇಲಿರೋ ಕಬ್ಬಿಣದ ಪಿನ್ನು, ಕ್ಲಿಪ್ಪು ಎಲ್ಲಾ ತೆಗೀಬೇಕು ಟೀಚರ್.”

ಜೊತೆಗೆ ಬಂದಿದ್ದ ಅತ್ತೆಗೆ ಗಾಬರಿಯಾಯಿತು. “ತಾಳೀನೂ ತೆಗೀಬೇಕಾ ಸಾಮಿ?”

“ಬೇಡಮ್ಮ. ಚಿನ್ನಕ್ಕೆ ಅಯಸ್ಕಾಂತ ಅಂಟಲ್ಲ.”

“ಲಿಂಗದ ಬೆಳ್ಳಿ ಕರಡಿಗೆ?”

“ಅದೂ ಇರ್ಲಿ. ಕಬ್ಬಿಣ ಒಂದು ಬೇಡ ಅಷ್ಟೆ.”

ಅವಳು ತುರುಬು ಬಿಚ್ಚಿ ಪಿನ್ನುಗಳನ್ನು ಒಂದೊಂದಾಗಿ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಬಟ್ಟಲಿಗೆ ಹಾಕಿದಳು. ಕೂದಲು ಬೆನ್ನ ಮೇಲೆ ಬಿತ್ತು. ನಮ್ಮ ಮನೆಗಳಲ್ಲಿ ಹೆಂಗಸರು ಪರಗಂಡಸರ ಎದುರು ತಲೆಗೂದಲು ಬಿಚ್ಚುವುದಿಲ್ಲ. ಚಿಕಿತ್ಸೆ ಎಂದು ನನಗೆ ಗೊತ್ತಿತ್ತು. ಆದರೂ ಆ ಬಟ್ಟಲಿನಲ್ಲಿ ಎಷ್ಟು ಪಿನ್ನು ಇವೆ ಎಂದು ನಾನು ಎಣಿಸಿದೆ. ಏಳು. ನನಗೆ ಹೊಟ್ಟೆಕಿಚ್ಚು ಶುರುವಾದದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ಆ ಏಳು ಪಿನ್ನು ಬಟ್ಟಲಿಗೆ ಬಿದ್ದ ಹೊತ್ತು ಎನ್ನುತ್ತೇನೆ.

ತಲೆಗೆ ಬಟ್ಟೆಯ ಟೋಪಿಯಂಥದ್ದನ್ನು ಹಾಕುತ್ತಿದ್ದರು. ಅದರೊಳಗೆ ತಾಮ್ರದ ತಂತಿಯ ಸುರುಳಿಗಳು. ಅಲ್ಲಿಂದ ಒಂದು ವೈರು ಟಿಫನ್ ಕ್ಯಾರಿಯರ್ ಗಾತ್ರದ ಪೆಟ್ಟಿಗೆಗೆ ಹೋಗುತ್ತಿತ್ತು. ನಾನು ವರದಿಗಾರ ಎಂದು ತಿಳಿದ ಮೇಲೆ ಡಾಕ್ಟರು ನನಗೂ ವಿವರಿಸಿದರು. ದೊಡ್ಡ ಆಸ್ಪತ್ರೆಗಳಲ್ಲಿ ಬಳಸುವ ಶಕ್ತಿಯುತ ಕಾಂತಕ್ಕೆ ನರಕೋಶವನ್ನು ಬಲವಂತವಾಗಿ ಮಿಡಿಸುವ ತಾಕತ್ತಿದೆ. ಸರಿಯಾದ ಜಾಗಕ್ಕೆ ಹಿಡಿದರೆ ಕೈಬೆರಳು ತಾನಾಗಿಯೇ ಕುಣಿಯುತ್ತದೆ. ಇದಕ್ಕೆ ಆ ಶಕ್ತಿ ಇಲ್ಲ. ತಲೆಗೆ ಏನೂ ಗೊತ್ತಾಗುವುದಿಲ್ಲ. ಆದರೂ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ, ಇಲಿಗಳಲ್ಲಿ, ಇಷ್ಟು ಕಡಿಮೆ ಕಾಂತವೂ ಏನೋ ಮಾಡುತ್ತದೆ ಎಂದು ಕಂಡಿದೆ. ಕೋಶದೊಳಗಿನ ಕ್ಯಾಲ್ಸಿಯಂ ಏರಿಳಿಯುತ್ತದೆ, ಕೋಶ ಮಿಡಿಯುವ ಸುಲಭತೆ ಬದಲಾಗುತ್ತದೆ, ದಿನದ ಮೇಲೆ ದಿನ ಕೊಟ್ಟರೆ ಯಾವ ಕೋಶ ಯಾವುದರ ಜೊತೆ ಗಟ್ಟಿಯಾಗಿ ಬೆಸೆದಿದೆ ಎಂಬುದೂ ಬದಲಾಗಬಹುದು. ಮನುಷ್ಯರಲ್ಲಿ ಹೀಗೇ ಆಗುತ್ತದೆ ಎಂದು ಹೇಳಲು ಇನ್ನೂ ಆಧಾರ ಸಾಲದು. ಅದನ್ನು ನೋಡುವುದಕ್ಕೇ ಈ ಅಧ್ಯಯನ.

“ಇದು ಕೋಶನ ಕೂಗ್ಸಲ್ಲ ಟೀಚರ್,” ಅವರು ಅವಳ ಕಡೆ ತಿರುಗಿ ಹೇಳಿದರು. “ಪಕ್ಕದ್ದು ಕೂಗಿದ್ರೆ ಓಗೊಡೋಕೆ ರೆಡಿ ಮಾಡುತ್ತೆ, ಅಷ್ಟೆ.”

ಅವಳು ಟೋಪಿಯ ಕೆಳಗಿನಿಂದ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ, “ಹೆಪ್ಪು ಹಾಕೋ ಮುಂಚೆ ಹಾಲು ಉಗುರುಬೆಚ್ಚಗೆ ಮಾಡ್ಕೋತೀವಲ್ಲ, ಹಂಗೆ,” ಎಂದಳು. “ಬೆಚ್ಚಗೆ ಮಾಡಿದ್ರೇ ಮೊಸರಾಗಲ್ಲ. ಆದ್ರೆ ತಣ್ಣಗಿದ್ರೆ ಹೆಪ್ಪು ಹಿಡಿಯೋದೂ ಇಲ್ಲ.”

ಡಾಕ್ಟರು ಕನ್ನಡಕ ಮೇಲೆ ತಳ್ಳಿಕೊಂಡು ಅದನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹತ್ತು ವರ್ಷದಿಂದ ನಾನು ತಹಶೀಲ್ದಾರರು, ಎಂಜಿನಿಯರುಗಳು, ಪಂಚಾಯಿತಿ ಸದಸ್ಯರು ಹೇಳಿದ್ದನ್ನು ಬರೆದುಕೊಂಡಿದ್ದೆ. ಅವಳು ಹೇಳಿದ ಒಂದು ಮಾತನ್ನೂ ಬರೆದುಕೊಂಡಿರಲಿಲ್ಲ. ಆ ವರ್ಷ ಅವಳ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದು. ಅದನ್ನು ಹೇಳಿದ್ದು ನನಗಲ್ಲ.

ಪ್ರತಿ ವಾರದ ಕೊನೆಯ ದಿನ ಅವರು ಒಂದು ಹಾಳೆಯಲ್ಲಿದ್ದ ಪ್ರಶ್ನೆಗಳನ್ನು ಕೇಳುತ್ತಿದ್ದರು. ಆಗ ನಾನು ಹೊರಗಿನ ಬೆಂಚಿನ ಮೇಲೆ ಕೂರಬೇಕಿತ್ತು. ಕಿಟಕಿಯ ಒಂದು ಗಾಜು ಒಡೆದು ರಟ್ಟು ಅಂಟಿಸಿದ್ದರು, ಮಾತೆಲ್ಲ ಕೇಳಿಸುತ್ತಿತ್ತು. ಮೊದಲ ವಾರ ಅವಳ ಉತ್ತರ ‘ಹೂಂ’, ‘ಇಲ್ಲ’. ಮೂರನೆಯ ವಾರ, ಮಲಗಿದ್ದಾಗ ಬೆಳಗಾಗುವ ಮುಂಚೆ ಏನೇನು ಅನಿಸುತ್ತದೆ ಎಂದು ಹೇಳುತ್ತಿದ್ದಳು. ಮೂಗೂರಿನ ಅಜ್ಜಿಯ ಮನೆಯ ಹಿತ್ತಿಲಲ್ಲಿ ಚಿಕ್ಕವಳಿದ್ದಾಗ ಒಬ್ಬಳೇ ಶಾಲೆಯಾಟ ಆಡುತ್ತಿದ್ದದ್ದು, ಕುಂಬಳಬಳ್ಳಿಯ ಕಾಯಿಗಳಿಗೆ ಹಾಜರಿ ಕೂಗುತ್ತಿದ್ದದ್ದು ಎಲ್ಲವನ್ನೂ ಹೇಳಿದಳು. ಡಾಕ್ಟರು ನಕ್ಕರು. ಅವಳೂ ನಕ್ಕಳು. ಹಾಜರಿ ಕೂಗಿದ ಕುಂಬಳಕಾಯಿಯ ವಿಷಯ ನನಗೆ ಆವರೆಗೆ ಗೊತ್ತಿರಲಿಲ್ಲ. ಅವಳು ಗುಣವಾಗುತ್ತಿದ್ದಾಳೆ ಎಂದು ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ ಎಂದು ಬರೆಯುವುದೇ ಸರಿ.

ಅತ್ತೆಗೆ ಮಾತ್ರ ಹಿಗ್ಗೋ ಹಿಗ್ಗು. “ಅಳಿಯಂದ್ರೇ, ಆ ಡಾಕ್ಟ್ರು ದೇವ್ರಂಗೆ ಬಂದ್ರು ಕಣ್ರೀ. ನೆನ್ನೆ ಸೊಪ್ಪು ಬಿಡುಸ್ಕೊಟ್ಟು ನನ್ನೇ ಬೈದ್ಲು, ಉಪ್ಪು ಜಾಸ್ತಿ ಆಗದೆ ಅಂತ. ಎಸ್ಟ್ ದಿನ ಆಗಿತ್ತು ಅವ್ಳ ಕೈಲಿ ಬೈಸ್ಕಂಡು!”

“ಅದು ಡಾಕ್ಟರಲ್ಲ ಅತ್ತೆ, ಮಿಷನ್ನು.”

“ಯಾವ್ದಾದ್ರೂ ಆಗ್ಲಿ ಬುಡಿ. ನೀವ್ಯಾಕೆ ಮುಖ ಗಂಟಾಕಂಡಿದ್ದೀರಿ?”

ನಾಲ್ಕನೆಯ ವಾರ ಮುಗಿಯುವ ಹೊತ್ತಿಗೆ ಮೆದುಳಿನ ಅಲೆಗಳ ಪರೀಕ್ಷೆ ಮಾಡಿದರು. ಶುರುವಿನಲ್ಲೂ ಒಮ್ಮೆ ಮಾಡಿದ್ದರು. ಅವಳು ಎರಡೂ ಕಾಗದದ ನಕಲನ್ನು ಇಸಿದುಕೊಂಡು ಬಂದು, ಮನೆಯ ಜಗುಲಿಯಲ್ಲಿ ನನ್ನ ಮುಂದೆ ಹರಡಿದಳು. “ನೋಡಿ ರೀ, ಈ ಗೆರೆ ಹಣೆ ಹತ್ರದ್ದು. ಇದು ಹಿಂದಿಂದು. ಆವಾಗ ಇದರ ಪಾಡಿಗೆ ಇದು, ಅದರ ಪಾಡಿಗೆ ಅದು. ಈಗ ನೋಡಿ, ಇದು ಎದ್ದಾಗ ಅದೂ ಏಳುತ್ತೆ. ಎರಡೂ ಒಂದರ ಮಾತು ಇನ್ನೊಂದು ಕೇಳ್ತಿರಬಹುದು ಅಂದ್ರು. ಕಾಂತದಿಂದಲೇ ಅಂತ ಈಗಲೇ ಹೇಳೋ ಹಾಗಿಲ್ಲವಂತೆ.”

ನಾನು ಕಾಗದ ನೋಡಿದೆ. ನನ್ನ ಕಣ್ಣಿಗೆ ಎರಡೂ ಒಂದೇ ಥರ ಕಂಡವು. ನನ್ನ ಹೆಂಡತಿಯ ತಲೆಯೊಳಗೆ ನಡೆಯುವುದನ್ನು ಒಬ್ಬ ನೋಡಿದ್ದಾನೆ, ನನಗೆ ಓದಲೂ ಬರುವುದಿಲ್ಲ. ನನ್ನ ತಲೆಯಲ್ಲಿ ಓಡಿದ್ದು ಇಷ್ಟೇ.

ಆ ರಾತ್ರಿ ಬಸ್ಸಿನಲ್ಲಿ ವಾಪಸು ಬರುವಾಗ ಒಂದು ಲೆಕ್ಕಾಚಾರ ಮಾಡಿದೆ. ಪೆಟ್ಟಿಗೆಯಲ್ಲಿ ನಿಜವಾಗಿ ಕಾಂತ ಇದ್ದರೆ ಅವಳನ್ನು ಗುಣ ಮಾಡುತ್ತಿರುವುದು ತಂತಿಯ ಸುರುಳಿ. ತಂತಿಯ ಮೇಲೆ ನನಗೇನೂ ದ್ವೇಷವಿಲ್ಲ. ಪೆಟ್ಟಿಗೆ ಹುಸಿಯಾಗಿದ್ದರೆ ಗುಣ ಮಾಡುತ್ತಿರುವುದು ಆ ಮನುಷ್ಯ. ನನಗೆ ಯಾವುದು ಎಂದು ತಿಳಿಯಬೇಕಿತ್ತು. ಸಾಕ್ಷಿ ಸಹಿ ನೆನಪಿತ್ತು. ಕವಲಂದೆಯ ಬಳೆಗಳೂ ನೆನಪಿದ್ದವು.

ಕಡಿಮೆ ಶಕ್ತಿಯ ಸುರುಳಿ ಪಿನ್ನನ್ನು ಎಳೆಯುವುದಿಲ್ಲ, ಆದರೆ ದಿಕ್ಸೂಚಿಯ ಮುಳ್ಳನ್ನು ನಡುಗಿಸುತ್ತದೆ ಎಂದು ಹೈಸ್ಕೂಲಿನ ಪಾಠದಿಂದ ಗೊತ್ತಿತ್ತು. ತಾಲ್ಲೂಕು ಕಚೇರಿಯ ಸರ್ವೆಯರ್ ನನಗೆ ಸ್ನೇಹಿತ. ಅವನ ಬಳಿ ಹಳೆಯ ಹಿತ್ತಾಳೆ ದಿಕ್ಸೂಚಿ ಇತ್ತು; ನಾವೆಲ್ಲ ಕಾಂಪಾಸು ಅನ್ನುತ್ತಿದ್ದೆವು.

“ಏನ್ ಸಾ, ಯಾವ ಜಮೀನು ಒತ್ತುವರಿ ಆಗದೆ?”

“ನಂದೇ.”

“ಅರ್ಜಿ ಕೊಡಿ, ಸರಪಳಿ ತಕಂಡು ನಾನೇ ಬತ್ತೀನಿ.”

“ಬೇಡಪ್ಪ. ಎರಡು ದಿನ ಕೊಡು ಸಾಕು.”

“ಸುದ್ದೀಗಾ? ಪಿನ್ನು ಹೋಗಿ ಕಾಂಪಾಸಿಗೆ ಬಂದ್ರಾ?” ಎಂದು ನಗುತ್ತ ಕೊಟ್ಟ.

ಐದನೆಯ ವಾರದ ಮೊದಲ ದಿನ, ಮಧ್ಯಾಹ್ನ. ಅವಳು ಟೋಪಿ ಹಾಕಿಕೊಂಡು ಕುಳಿತಿದ್ದಳು. ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು, ಸಣ್ಣಗೆ ಗುಂಯ್ ಎನ್ನುತ್ತಿತ್ತು. ಡಾಕ್ಟರಿಗೆ ಆಸ್ಪತ್ರೆಯ ಮುಂದಿನ ಕೋಣೆಯಿಂದ ಫೋನ್ ಬಂತೆಂದು ಯಾರೋ ಕರೆದರು. ಅವರು ಹೋದರು. ನಾನು ಬೆಂಚಿನಿಂದ ಎದ್ದು ಒಳಗೆ ಹೋದೆ. ಜೇಬಿನಿಂದ ದಿಕ್ಸೂಚಿ ತೆಗೆದು ಅವಳ ಕಿವಿಯ ಮೇಲ್ಭಾಗಕ್ಕೆ, ಟೋಪಿಗೆ ತಾಗುವಂತೆ ಹಿಡಿದೆ. ಮುಳ್ಳು ಸ್ವಲ್ಪ ತೂಗಿ, ಉತ್ತರಕ್ಕೆ ನಿಂತಿತು. ಅಲುಗಲಿಲ್ಲ. ಇನ್ನೊಂದು ಕಿವಿಯ ಹತ್ತಿರ ಹಿಡಿದೆ. ಅಲುಗಲಿಲ್ಲ. ಇದಕ್ಕೆಲ್ಲ ಒಂದು ನಿಮಿಷವೂ ಹಿಡಿಯಲಿಲ್ಲ.

“ಏನ್ರೀ ಅದು?”

ಸುಮ್ಮನಿರಬಹುದಿತ್ತು. ದಿಕ್ಸೂಚಿಯನ್ನು ಅವಳ ಮುಂದೆ ಹಿಡಿದೆ. “ಇದ್ರಲ್ಲಿ ಕಾಂತ ಇಲ್ಲ. ಇದ್ದಿದ್ರೆ ಮುಳ್ಳು ಕುಣೀತಿತ್ತು. ಖಾಲಿ ಡಬ್ಬಿ ಹೊತ್ಕೊಂಡು ನಾಲ್ಕು ವಾರ ಕೂತಿದ್ದೀಯ.”

ಅವಳು ನನ್ನನ್ನೂ ಮುಳ್ಳನ್ನೂ ನೋಡಿದಳು. “ಅವರಿಗೆ ಗೊತ್ತಾ?”

“ನಿನ್ನ ಡಾಕ್ಟರನ್ನೇ ಕೇಳು,” ಎಂದೆ. ಅವರಿಗೂ ಗೊತ್ತಿರುವುದಿಲ್ಲ ಎಂದು ಒಪ್ಪಿಗೆ ಪತ್ರದಲ್ಲಿ ಓದಿದವನು ನಾನೇ. ಗೊತ್ತಿದ್ದೂ ಹಾಗಂದೆ.

ಡಾಕ್ಟರು ಬಂದಾಗ ನಾನು ಬೆಂಚಿನ ಮೇಲಿದ್ದೆ. ಅವಳು ಏನೂ ಕೇಳಲಿಲ್ಲ. ಟೋಪಿ ತೆಗೆದ ಮೇಲೆ ಪಿನ್ನುಗಳನ್ನು ಕೈಯಲ್ಲೇ ಹಿಡಿದುಕೊಂಡು ಬಿಚ್ಚುಗೂದಲಿನಲ್ಲೇ ಬೀದಿಯಲ್ಲಿ ನಡೆದಳು. ಮನೆ ಸೇರಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮುಂದಿನ ಸರದಿಗೆ ಅವಳು ಹೋಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅತ್ತೆ ನಂಜನಗೂಡಿನ ಅಂಗಡಿಯೊಂದರ ಫೋನಿಗೆ ಮಾಡಿ ನನ್ನನ್ನು ಕರೆಸಿದರು. “ಎಂಗಿದ್ದೋಳು ಎಂಗಾದ್ಲು ನೋಡಿ ಬನ್ನಿ. ಅನ್ನದ ತಟ್ಟೆ ಮುಂದೆ ಕುಂತ್ರೆ ಕೈನೇ ಎತ್ತಾಕಿಲ್ಲ. ಏನಾಯ್ತವ್ವ ಅಂದ್ರೆ, ‘ಎಲ್ಲ ಖಾಲಿಯಂತೆ’ ಅಂತಾಳೆ. ಏನ್ ಖಾಲಿ? ನೀವೇನಾರ ಅಂದ್ರಾ?”

ಅಂದೆ ಎಂದು ಅತ್ತೆಗೆ ಹೇಳದೆ ಫೋನಿಟ್ಟೆ. ಹೋಗಿ ನೋಡಿದೆ. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಹಿಂದಿನ ವರ್ಷದ ಹೆಂಗಸೇ ಅವಳು, ಬ್ಯಾಗೊಂದು ಮಾತ್ರ ಇರಲಿಲ್ಲ. ಅವಳನ್ನು ಹಾಗೆ ಮಾಡಿದ್ದು ಯಾರು, ಯಾವಾಗ, ಎಲ್ಲಿ, ಹೇಗೆ, ಯಾಕೆ ಎಂಬುದಕ್ಕೆಲ್ಲ ಈ ಸಲ ಉತ್ತರವಿತ್ತು.

ಅವಳನ್ನು ಮತ್ತೆ ಎಬ್ಬಿಸಲು ನನ್ನ ಕೈಲಿ ಆಗುವುದಿಲ್ಲ, ಆಗುವುದಾದರೆ ಆ ಡಾಕ್ಟರ ಕೈಲಿ ಎಂದು ನನಗೆ ಗೊತ್ತಿತ್ತು. ಅತ್ತೆಯ ಮನೆಯ ಹೆಬ್ಬಾಗಿಲಿನಿಂದ ಆಸ್ಪತ್ರೆಯ ಹಿಂದಿನ ಕೋಣೆಯವರೆಗಿನ ದಾರಿಯಷ್ಟು ಉದ್ದದ ದಾರಿಯನ್ನು ನಾನು ನಡೆದಿಲ್ಲ. ಡಾಕ್ಟರು ಒಬ್ಬರೇ ಕುಳಿತು ಬನ್ನು ತಿನ್ನುತ್ತಿದ್ದರು.

“ಟೀಚರ್ ಯಾಕೆ ಬರ್ತಿಲ್ಲ ಸಾರ್? ಎರಡು ಸಲ ಹೇಳಿಕಳಿಸಿದೆ.”

ನಾನು ದಿಕ್ಸೂಚಿಯನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿದೆ. ಅವರು ಬನ್ನನ್ನು ಕಾಗದಕ್ಕೆ ಸುತ್ತಿ ಪಕ್ಕಕ್ಕಿಟ್ಟರು. ಕೋಪ ಬಂದಿತ್ತು, ಕಿವಿ ಕೆಂಪಾಗಿತ್ತು. ಆದರೆ ದನಿ ಏರಲಿಲ್ಲ.

“ಎಷ್ಟು ಹೊತ್ತು ಹಿಡಿದ್ರಿ?”

“ಒಂದು ನಿಮಿಷ ಇರಬಹುದು. ಅದಕ್ಕಿಂತ ಕಮ್ಮಿ.”

“ಒಂದೇ ಸಲ?”

“ಒಂದೇ ಸಲ.”

“ಪೆಟ್ಟಿಗೆ ಒಂದೇ ಸಮ ಕೊಡಲ್ಲ ಸಾರ್. ಸ್ವಲ್ಪ ಹೊತ್ತು ಕೊಡುತ್ತೆ, ಅದಕ್ಕಿಂತ ಜಾಸ್ತಿ ಹೊತ್ತು ಸುಮ್ನಿರುತ್ತೆ. ಸುಮ್ನಿರೋವಾಗಲೂ ದೀಪ ಇರುತ್ತೆ, ಸದ್ದು ಇರುತ್ತೆ. ಆ ಸದ್ದು ಒಳಗಿರೋ ಫ್ಯಾನಿಂದು. ನೀವು ಸುಮ್ನಿರೋ ಹೊತ್ತಲ್ಲಿ ಹಿಡಿದಿದ್ರೆ ನಿಜವಾದ ಪೆಟ್ಟಿಗೆಲೂ ಮುಳ್ಳು ಅಲ್ಲಾಡಲ್ಲ. ಹುಸಿ ಆಗಿದ್ರೂ ಅಲ್ಲಾಡಲ್ಲ.”

“ಹಂಗಾದ್ರೆ ಇದು ಯಾವುದು?”

“ನಂಗೊತ್ತಿಲ್ಲ. ಪಟ್ಟಿ ನಮ್ಮ ಹತ್ರ ಇರಲ್ಲ. ನನಗೆ ಗೊತ್ತಿದ್ರೆ ನನ್ನ ಮುಖದಲ್ಲೇ ಅವರಿಗೆ ಗೊತ್ತಾಗಿಬಿಡುತ್ತೆ, ಅದಕ್ಕೇ ಈ ಪದ್ಧತಿ.” ದಿಕ್ಸೂಚಿಯನ್ನು ನನ್ನ ಕಡೆ ತಳ್ಳಿ, “ಪೇಪರಿನೋರು ನೀವು. ಒಂದು ಸಲ ನೋಡಿ ಬರೆದುಬಿಡ್ತೀರಾ?” ಎಂದರು.

ಬಳೆಯ ವಿಷಯದಲ್ಲಿ ಒಂದೊಂದನ್ನೂ ನೋಡಿದ್ದೆ, ಮೇಷ್ಟ್ರನ್ನೂ ಕರೆದಿದ್ದೆ. ಹೆಂಡತಿಯ ವಿಷಯದಲ್ಲಿ ಒಂದು ನಿಮಿಷ ಸಾಕಾಗಿತ್ತು. ಯಾಕೆಂದರೆ ನನಗೆ ಬೇಕಾದ ಉತ್ತರ ನನ್ನ ಹತ್ತಿರ ಮೊದಲೇ ಇತ್ತು. ಪೆಟ್ಟಿಗೆ ನಿಜವಾಗಿರಲಿ ಎಂದು ಬಯಸುತ್ತಿದ್ದೇನೆ ಎಂದುಕೊಂಡು ಹೊರಟವನು ನಾನು. ಮುಳ್ಳು ನಿಂತಾಗ ಒಳಗೆ ಎದ್ದದ್ದು ಗೆದ್ದವನ ಖುಷಿ. ಅವನನ್ನು ಸುಳ್ಳುಗಾರನೆಂದು ತೋರಿಸುವ ಅವಕಾಶ ಸಿಕ್ಕ ಖುಷಿ.

“ಯಾಕ್ ಸಾರ್ ಹಿಂಗ್ ಮಾಡಿದ್ರಿ?”

“ನಿಮ್ಮ ಹತ್ರ ಮಾತಾಡೋ ಹಂಗೆ ಅವಳು ನನ್ನ ಹತ್ರ ಮಾತಾಡಲ್ಲ.”

ಅವರು ಕನ್ನಡಕ ತೆಗೆದು ಒರೆಸಿದರು. ಡ್ರಾಯರಿನಿಂದ ಪ್ರಶ್ನೆಗಳ ಹಾಳೆ ತೆಗೆದು ನನ್ನ ಕಡೆ ಸರಿಸಿದರು. “ಇದೆಲ್ಲ ಅಚ್ಚು ಹಾಕ್ಸಿರೋ ಪ್ರಶ್ನೆ ಸಾರ್. ಕುಂಬಳಕಾಯಿ ವಿಷಯ ನಾನು ಕೇಳಿದ್ದಲ್ಲ. ಪ್ರಶ್ನೆ ಕೇಳಿದ ಮೇಲೆ ಉತ್ತರ ಬರೋವರೆಗೂ ನಾವು ಬಾಯಿ ಬಿಡಬಾರದು ಅಂತ ರೂಲ್ಸು. ಆ ಹೊತ್ತಲ್ಲಿ ಅವರು ಏನೇನೋ ಹೇಳ್ತಾರೆ.”

ಆ ರೂಲ್ಸು ನನಗೆ ತಿಳಿಯದ್ದು. ನನ್ನ ಕಸುಬಿನಲ್ಲಿ ಎದುರಿನವರು ತಡವರಿಸಿದ ಕೂಡಲೇ ಮುಂದಿನ ಪ್ರಶ್ನೆ ಹಾಕಬೇಕು. ಇಲ್ಲದಿದ್ದರೆ ಅವರು ಸುಳ್ಳು ಹೊಂದಿಸಿಕೊಳ್ಳುತ್ತಾರೆ. ಮನೆಯಲ್ಲೂ ನಾನು ಹಾಗೆಯೇ ಕೇಳಿರಬೇಕು.

ಅವರು ನನ್ನ ಎದುರಿಗೇ ಒಂದು ಹಾಳೆಯಲ್ಲಿ ನಿಯಮ ಮುರಿದದ್ದನ್ನು ಬರೆದರು. ಇವರ ಫಲಿತಾಂಶ ಅಧ್ಯಯನಕ್ಕೆ ಬಹುಶಃ ಸೇರುವುದಿಲ್ಲ, ಹಿರಿಯರು ತೀರ್ಮಾನಿಸುತ್ತಾರೆ ಎಂದರು. ಉಳಿದ ದಿನ ಬರಬಹುದೇ ಎಂದು ಕೇಳಿದೆ. “ಬರಲಿ. ನಾನು ಮನೆಗೆ ಬಂದು ಕರೆಯೋ ಹಾಗಿಲ್ಲ. ನೀವೇ ಹೇಳಬೇಕು.”

ಪತ್ರಿಕೆಯಲ್ಲಿ ತಪ್ಪು ಸುದ್ದಿ ಬಂದರೆ ಒಳಪುಟದ ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕುತ್ತಾರೆ. ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅವತ್ತು ನಾನು ಅವಳ ಚಾಪೆಯ ಪಕ್ಕ ನೆಲದ ಮೇಲೆ ಕುಳಿತು ಹೇಳಿದೆ. ನಾನು ನೋಡಿದ್ದು ಸಾಲದು, ಪೆಟ್ಟಿಗೆ ಖಾಲಿ ಎಂದು ಹೇಳಲು ನನಗೆ ಆಧಾರವಿರಲಿಲ್ಲ, ಡಾಕ್ಟರಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಆ ಮೇಲೆ ಹೇಳಿದೆ: ಹೊಟ್ಟೆಕಿಚ್ಚಿಗೆ ಮಾಡಿದೆ. ಹೇಳಿ ಸುಮ್ಮನಾದೆ. ಅವಳು ಗೋಡೆ ನೋಡುತ್ತಿದ್ದಳು. ನಾನು ಕಾದೆ. ಬೀದಿಯಲ್ಲಿ ಸೌದೆಯ ಗಾಡಿ ಹೋಯಿತು. ಪಕ್ಕದ ಮನೆಯ ರೇಡಿಯೊದಲ್ಲಿ ಕೃಷಿ ಕಾರ್ಯಕ್ರಮ ಮುಗಿದು ವಾರ್ತೆ ಶುರುವಾಯಿತು. ತಡೆಯಲಾರದೆ, “ಊಟ ಆಯ್ತಾ?” ಎಂದುಬಿಟ್ಟೆ.

“ಇನ್ನೊಂಚೂರು ಸುಮ್ನಿದ್ದಿದ್ರೆ ಹೇಳ್ತಿದ್ದೆ,” ಎಂದಳು.

“ಏನು?”

“ಹೋಯ್ತು ಈಗ.” ಗೋಡೆಯ ಕಡೆಯೇ ಇದ್ದಳು, ಆದರೆ ದನಿಯಲ್ಲಿ ಬೈಗುಳದ ಬಿಸಿ ಇತ್ತು. “ಯಾರ ಮೇಲೆ ಹೊಟ್ಟೆಕಿಚ್ಚು? ಆ ಹುಡುಗನ ಮೇಲಾ? ನಾನು ಪಾಠ ಮಾಡಿದ ಮಕ್ಕಳ ವಯಸ್ಸು ಅವರಿಗೆ.”

“ಅಷ್ಟೇನೂ ಚಿಕ್ಕವರಲ್ಲ.”

“ಲೆಕ್ಕ ಹಾಕಿಟ್ಕೊಂಡಿದ್ದೀರಿ ಬೇರೆ!”

ಒಳಗಿನಿಂದ ಅತ್ತೆ ಇಣುಕಿ ನೋಡಿ ಹಾಗೆಯೇ ಹಿಂದೆ ಸರಿದರು.

ಅವತ್ತೇ ಅವಳು ಏಳಲಿಲ್ಲ. ಮರುವಾರ, ಸರದಿಯ ದಿನ ನಾನು ಹೋದಾಗ ತಲೆ ಬಾಚಿ ಕುಳಿತಿದ್ದಳು. “ಡಬ್ಬಿ ಖಾಲಿ ಇರಲಿ, ತುಂಬಿರಲಿ. ಅಲ್ಲಿ ಹೋಗಿ ಕೂತರೆ ನನಗೆ ಹಿತವಾಗಿತ್ತು. ಅದನ್ನ ನೀವು ಕಿತ್ಕೊಂಡ್ರಿ,” ಎಂದಳು. ನಾನು ಬಾಯಿ ತೆರೆಯಲಿಲ್ಲ. “ನಡೀರಿ. ಹೊರಗಡೆ ಬೆಂಚ್ ಮೇಲೇ ಕೂರಬೇಕು. ಜೇಬು ತೋರ್ಸಿ ಮೊದಲು.”

ಜೇಬು ತೋರಿಸಿದೆ. ದಿಕ್ಸೂಚಿ ಸರ್ವೆಯರನಿಗೆ ವಾಪಸಾಗಿತ್ತು.

ಉಳಿದ ದಿನಗಳನ್ನು ಅವಳು ಪೂರೈಸಿದಳು. ನಾನು ಎಲ್ಲ ದಿನವೂ ಬೆಂಚಿನ ಮೇಲೆ ಕುಳಿತಿದ್ದೆ. ರಟ್ಟು ಅಂಟಿಸಿದ ಕಿಟಕಿಯಿಂದ ಅವಳ ನಗು ಕೇಳಿಸಿದಾಗ ಹೊಟ್ಟೆಯೊಳಗೆ ಮೊದಲಿನ ಹಾಗೆಯೇ ಉರಿಯುತ್ತಿತ್ತು. ಎದ್ದು ಒಳಗೆ ಹೋಗಲಿಲ್ಲ, ಅಷ್ಟೇ ವ್ಯತ್ಯಾಸ. ಕಡೆಯ ದಿನ ಕೊಟ್ಟ ಹಾಳೆಯಲ್ಲಿ ‘ನಿಮಗೆ ಯಾವ ಚಿಕಿತ್ಸೆ ಸಿಕ್ಕಿತೆಂದು ಅನಿಸುತ್ತದೆ?’ ಎಂಬ ಪ್ರಶ್ನೆಯಿತ್ತಂತೆ. ಏನು ಬರೆದೆ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಶಾಲೆ ಶುರುವಾದ ಮೇಲೆ ನಂಜನಗೂಡಿಗೆ ಬಂದು ಕೆಲಸಕ್ಕೆ ಹಾಜರಾದಳು. ಮಾತ್ರೆ ಮುಂದುವರಿಯಿತು. ಕೆಲವು ವಾರ ಚೆನ್ನಾಗಿರುತ್ತಿದ್ದಳು, ಕೆಲವು ವಾರ ಇಲ್ಲ. ಆದರೆ ಬ್ಯಾಗನ್ನು ಗೂಟಕ್ಕೆ ತೂಗಿ ನೇರ ಅಡುಗೆಮನೆಗೆ ಹೋಗುತ್ತಿದ್ದಳು.

ಅಧ್ಯಯನ ಮುಗಿದು ಬಹಳ ತಿಂಗಳ ಮೇಲೆ ಅವಳ ಹೆಸರಿಗೆ ಒಂದು ಪತ್ರ ಬಂತು. ಭಾಗವಹಿಸಿದವರಿಗೆಲ್ಲ ತಿಳಿಸುವುದು ಪದ್ಧತಿಯಂತೆ. ಅವಳು ಪಡಸಾಲೆಯ ಬಾಗಿಲಲ್ಲಿ ನಿಂತು ಓದಿದಳು. ಓದಿ, ಮಡಚಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟಳು.

“ಯಾವುದಂತೆ?”

“ಹೇಳಲ್ಲ.”

“ಯಾಕೆ?”

“ನಿಜದ್ದು ಅಂದ್ರೆ ಆ ಡಬ್ಬಿ ಮೇಲೆ ಹೊಟ್ಟೆಕಿಚ್ಚು ಪಡ್ತೀರಿ. ಹುಸಿ ಅಂದ್ರೆ ಆ ಡಾಕ್ಟ್ರ ಮೇಲೆ. ಸುಮ್ನೆ ಯಾಕೆ?”

ಅವಳು ಹೇಳಿದ್ದು ಸರಿಯಾಗಿತ್ತು. ಎರಡರ ಮೇಲೂ ನನಗೆ ಆಗಲೇ ಹೊಟ್ಟೆಕಿಚ್ಚು ಇತ್ತು. ಅವತ್ತಿನಿಂದ ಸೀರೆಗಳ ನಡುವಿನ ಆ ಕಾಗದದ ಮೇಲೂ ಶುರುವಾಯಿತು. ಬೀರುವಿಗೆ ಬೀಗ ಹಾಕುವುದಿಲ್ಲ. ನಾನು ಇನ್ನೂ ಅದನ್ನು ತೆಗೆದು ನೋಡಿಲ್ಲ.